ಸೂಜಿ ಎದ್ದ ಗಳಿಗೆ: ಡೀಸೆಲ್ ಎಂಜಿನ್ನಿನ ಇಂಜೆಕ್ಷನ್ ಸಮಯವನ್ನು ಗುರುತಿಸುವ ಸಂವೇದಕಗಳು

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಹೊತ್ತಬೇಕಾದ ಕ್ಷಣವನ್ನು ವಿದ್ಯುತ್ತಿನ ಕಿಡಿ ಗೊತ್ತುಮಾಡಿದರೆ, ಡೀಸೆಲ್ಲಿನಲ್ಲಿ ಆ ಹೊಣೆ ಇಂಧನದ ಮೇಲೆಯೇ ಬಿದ್ದಿದೆ. ಸಿಲಿಂಡರಿನೊಳಗೆ ಸೇರಿದ ಗಾಳಿಯನ್ನು ಪಿಸ್ಟನ್ ಹದಿನೇಳು ಹದಿನೆಂಟು ಪಾಲು ಕುಗ್ಗುವಷ್ಟು ಅದುಮಿದಾಗ ಅದು ಕಾದು ಕೆಂಡದಂತಾಗುತ್ತದೆ. ಹಾಗೆ ಕಾದ ಗಾಳಿಯ ಮೇಲೆ ಎಣ್ಣೆಯನ್ನು ನುಣ್ಣಗೆ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನಿಂದ ಇಂದಿನ ಲಾರಿಯವರೆಗೆ ಈ ತತ್ತ್ವ ಬದಲಾಗಿಲ್ಲ. ಹೀಗಿರುವುದರಿಂದ ಎಣ್ಣೆಯನ್ನು ಯಾವ ಕ್ಷಣದಲ್ಲಿ ಒಳಕ್ಕೆ ಬಿಡಬೇಕೆಂಬುದೇ ಬೆಂಕಿ ಯಾವಾಗ ಏಳಬೇಕೆಂಬುದನ್ನೂ ತೀರ್ಮಾನಿಸುತ್ತದೆ. ಹೀಗೆ ಎಣ್ಣೆ ಚಿಮ್ಮುವುದಕ್ಕೆ ಇಂಜೆಕ್ಷನ್ ಎಂದೂ, ಅದು ಚಿಮ್ಮತೊಡಗುವ ಕ್ಷಣಕ್ಕೆ ಇಂಜೆಕ್ಷನ್ ಟೈಮಿಂಗ್ ಎಂದೂ ಹೆಸರು. ಗ್ಯಾರೇಜಿನ ಮಾತಿನಲ್ಲಿ ಅದು ಬರಿಯ ‘ಟೈಮಿಂಗ್’.

ಈ ಕ್ಷಣವನ್ನು ಗಡಿಯಾರದಿಂದ ಅಳೆಯುವ ರೂಢಿಯಿಲ್ಲ. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ಎಷ್ಟು ಡಿಗ್ರಿ ತಿರುಗಿದೆ ಎಂಬುದರಿಂದ ಅದನ್ನು ಹೇಳುತ್ತಾರೆ. ಪಿಸ್ಟನ್ ಸಿಲಿಂಡರಿನಲ್ಲಿ ಏರಬಲ್ಲ ಕಟ್ಟಕಡೆಯ ಎತ್ತರವನ್ನು ಮೇಲ್ತುದಿ ಎಂದು ಕರೆದರೆ, ಇಂಜೆಕ್ಷನ್ ಆ ಮೇಲ್ತುದಿಗೆ ಇಷ್ಟು ಡಿಗ್ರಿ ಮೊದಲು ಆರಂಭವಾಗುತ್ತದೆ ಎಂಬುದು ಲೆಕ್ಕದ ಕ್ರಮ. ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನ್ ಒಂದು ಸೆಕೆಂಡಿನಲ್ಲಿ 25 ಸುತ್ತು, ಎಂದರೆ 9000 ಡಿಗ್ರಿ, ತಿರುಗಿರುತ್ತದೆ. ಆದ್ದರಿಂದ ಅಲ್ಲಿ ಒಂದು ಡಿಗ್ರಿಯೆಂದರೆ ಸೆಕೆಂಡಿನ ಒಂಬತ್ತು ಸಾವಿರದಲ್ಲೊಂದು ಪಾಲು. ಇಷ್ಟು ಕಿರಿದಾದ ಕಾಲದಲ್ಲಿ ಎರಡು ಮೂರು ಡಿಗ್ರಿ ಅತ್ತಿತ್ತ ಆದರೆ ಏನಾದೀತು ಎಂದು ತೋರಬಹುದು. ಆದರೆ ಎಣ್ಣೆ ತೀರ ಮುಂಚೆ ಚಿಮ್ಮಿದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಬೆಂಕಿ ಎದ್ದು ಅದನ್ನು ಎದುರಿಸಿ ನೂಕುತ್ತದೆ. ಒತ್ತಡ ತಟ್ಟನೆ ಏರಿ, ಕಬ್ಬಿಣವನ್ನು ಸುತ್ತಿಗೆಯಿಂದ ಬಡಿದಂತಹ ಸದ್ದು ಕೇಳಿಸುತ್ತದೆ. ಅತಿಯಾದ ಕಾವಿನಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿಕೊಂಡು, ಉಸಿರಾಟಕ್ಕೆ ಕೆಡುಕಾದ ನೈಟ್ರೋಜನ್ ಆಕ್ಸೈಡುಗಳು ಹೆಚ್ಚುತ್ತವೆ. ತಡವಾದರೆ ಎಂಜಿನ್ ಸೊರಗುತ್ತದೆ, ಎಣ್ಣೆ ಪೂರ್ತಿ ಉರಿಯದೆ ಹೊಗೆಯಾಗುತ್ತದೆ, ಕೆಲಸಕ್ಕೆ ಬರಬೇಕಾದ ಶಾಖ ಸೈಲೆನ್ಸರಿನ ಪಾಲಾಗುತ್ತದೆ.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಹೆಚ್ಚಾಗಿ ಕಾಣಸಿಗುವ ಎಂಜಿನ್ನೊಂದನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ಕಿರ್ಲೋಸ್ಕರ್ ಕಂಪನಿಯ ಒಂಟಿ ಸಿಲಿಂಡರಿನ, ನೀರಿನಿಂದ ತಣಿಸುವ ಎಂಜಿನ್, ಶಕ್ತಿ 5.2 ಕಿಲೋವಾಟ್, ವೇಗ ನಿಮಿಷಕ್ಕೆ 1500 ಸುತ್ತು, ಇಂಜೆಕ್ಷನ್ ಗೊತ್ತುಮಾಡಿರುವುದು ಮೇಲ್ತುದಿಗೆ 23 ಡಿಗ್ರಿ ಮೊದಲು. ಈ 23 ಡಿಗ್ರಿಯನ್ನು ಪರೀಕ್ಷಿಸುವ ಹಳೆಯ ಕ್ರಮಕ್ಕೆ ಯಾವ ವಿದ್ಯುತ್ ಉಪಕರಣವೂ ಬೇಕಾಗಿಲ್ಲ. ಇಂಧನ ಪಂಪಿನ ತಲೆಯಲ್ಲಿರುವ ಡೆಲಿವರಿ ವಾಲ್ವನ್ನೂ ಅದರ ಸ್ಪ್ರಿಂಗನ್ನೂ ತೆಗೆದು, ಆ ಜಾಗಕ್ಕೆ ಹಂಸದ ಕೊರಳಿನಂತೆ ಬಾಗಿದ ಸಣ್ಣ ಕೊಳವೆಯನ್ನು ಕೂರಿಸಿದರೆ, ಟ್ಯಾಂಕಿನ ಎಣ್ಣೆ ತನ್ನ ಭಾರದಿಂದಲೇ ಇಳಿದು ಕೊಳವೆಯ ತುದಿಯಿಂದ ಸುರಿಯತೊಡಗುತ್ತದೆ. ಆಗ ಫ್ಲೈವೀಲನ್ನು, ಎಂದರೆ ಎಂಜಿನ್ನಿನ ಪಕ್ಕದ ಭಾರದ ಗಾಲಿಯನ್ನು, ಕೈಯಿಂದ ನಿಧಾನವಾಗಿ ತಿರುಗಿಸುತ್ತ ಬಂದಂತೆ ಧಾರೆ ಸಣ್ಣಗಾಗಿ, ಹನಿಯಾಗಿ, ಹನಿಯೂ ನಿಲ್ಲುತ್ತದೆ. ಪಂಪಿನೊಳಗಿನ ಪ್ಲಂಜರ್ ಮೇಲೇರಿ ಎಣ್ಣೆ ಬರುವ ಕಿಂಡಿಯನ್ನು ಮುಚ್ಚಿದ ಕ್ಷಣ ಅದು. ಹನಿ ನಿಂತಾಗ ಗಾಲಿಯ ಮೇಲಿನ ಗೀರು ಎಂಜಿನ್ನಿನ ಮೈಮೇಲಿನ ಗುರುತಿಗೆ ಸರಿಯಾಗಿ ಎದುರಾದರೆ ಟೈಮಿಂಗ್ ಸರಿಯಿದೆ. ಇಲ್ಲದಿದ್ದರೆ ಪಂಪಿನ ಬುಡದಲ್ಲಿರುವ ಶಿಮ್ ಎಂಬ ತೆಳು ತಗಡುಗಳನ್ನು ಹೆಚ್ಚು ಕಡಿಮೆ ಮಾಡಿ ಸರಿಪಡಿಸಬೇಕು. ಶಿಮ್ ಹೆಚ್ಚಿದರೆ ಕಿಂಡಿ ಮುಚ್ಚುವುದು ತಡವಾಗುತ್ತದೆ, ಕಡಿಮೆಯಾದರೆ ಬೇಗನಾಗುತ್ತದೆ. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಇಂತಹ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು; 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ಜನ ಮೈಕೋ ಎಂದು ಕರೆದ ಕಾರ್ಖಾನೆ, ಈ ಪಂಪು ನಾಜಲ್‌ಗಳನ್ನು ಇಲ್ಲಿಯೇ ಮಾಡಿತು. ಆ ಕಂಪನಿಗೆ 2008ರಲ್ಲಿ ಬಾಷ್ ಲಿಮಿಟೆಡ್ ಎಂಬ ಹೆಸರು ಬಂದರೂ ‘ಮೈಕೋ ಪಂಪು’ ಎಂಬ ಮಾತು ಮಾಸಿಲ್ಲ.

ಹನಿ ನೋಡುವ ಈ ಕ್ರಮ ಸೊಗಸಾದದ್ದು, ಖರ್ಚಿಲ್ಲದ್ದು, ನಂಬತಕ್ಕದ್ದು. ಆದರೆ ಅದು ನಿಂತಿರುವ ಎಂಜಿನ್ನಿನ ಪರೀಕ್ಷೆ. ಪಂಪಿನಲ್ಲಿ ಕಿಂಡಿ ಮುಚ್ಚಿದ್ದು ಯಾವಾಗ ಎಂಬುದನ್ನಷ್ಟೇ ಅದು ಹೇಳುತ್ತದೆ. ಸಿಲಿಂಡರಿನೊಳಗೆ ಎಣ್ಣೆ ಚಿಮ್ಮಿದ್ದು ಯಾವಾಗ ಎಂಬುದು ಬೇರೆಯೇ ಸಂಗತಿ. ಪಂಪಿಗೂ ಸಿಲಿಂಡರಿನ ತಲೆಯಲ್ಲಿರುವ ಇಂಜೆಕ್ಟರಿಗೂ ನಡುವೆ ಉಕ್ಕಿನ ಸಣ್ಣ ಪೈಪೊಂದು ಇದೆ. ಪಂಪು ಒತ್ತಿದ ಕೂಡಲೇ ಪೈಪಿನ ಆಚೆ ತುದಿಯಲ್ಲಿ ಒತ್ತಡ ಏರುವುದಿಲ್ಲ. ಒತ್ತಡ ಒಂದು ಅಲೆಯಾಗಿ, ಡೀಸೆಲ್ ಎಣ್ಣೆಯಲ್ಲಿ ಶಬ್ದ ಚಲಿಸುವ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 1400 ಮೀಟರಿನಂತೆ, ಸಾಗಬೇಕು. ಪೈಪು ಅರ್ಧ ಮೀಟರ್ ಉದ್ದವಿದ್ದರೆ ಅಷ್ಟರಲ್ಲಿ 1500 ಸುತ್ತಿನ ಎಂಜಿನ್ ಮೂರು ಡಿಗ್ರಿಗೂ ಮಿಕ್ಕಿ ತಿರುಗಿರುತ್ತದೆ. ಅಲೆ ಬಂದು ಮುಟ್ಟಿದ ಮೇಲೂ, ಇಂಜೆಕ್ಟರಿನ ಬಾಯನ್ನು ಮುಚ್ಚಿಕೊಂಡಿರುವ ಸೂಜಿ ತನ್ನ ಸ್ಪ್ರಿಂಗಿನ ಬಲವನ್ನು ಮೀರಿ ಏಳಲು ಒತ್ತಡ ಸುಮಾರು 200 ಬಾರ್, ಎಂದರೆ ಗಾಳಿಯ ಒತ್ತಡದ 200 ಪಟ್ಟು, ಆಗಬೇಕು. ಸೂಜಿ ಎದ್ದು ಎಣ್ಣೆ ಚಿಮ್ಮಿದ ಮೇಲೆ, ಹನಿಗಳು ಕಾದು ಆವಿಯಾಗಿ ಹೊತ್ತಿಕೊಳ್ಳುವುದಕ್ಕೆ ಮತ್ತೆ ಸುಮಾರು ಒಂದು ಮಿಲಿಸೆಕೆಂಡ್ ಹಿಡಿಯಬಹುದು. ಅಷ್ಟು ಹೊತ್ತಿನಲ್ಲಿ ಕ್ರ್ಯಾಂಕ್ ಇನ್ನೂ ಒಂಬತ್ತು ಡಿಗ್ರಿ ಮುಂದಿರುತ್ತದೆ. ಹೀಗೆ ಗಾಲಿಯ ಗುರುತು 23 ಎಂದು ಹೇಳುತ್ತಿರುವಾಗ ಎಣ್ಣೆ ಚಿಮ್ಮುವುದು 20ರ ಈಚೆಗೆ, ಬೆಂಕಿ ಏಳುವುದು 10ರ ಆಸುಪಾಸಿನಲ್ಲಿ. ಟೈಮಿಂಗಿನ ಮಾತು ಬಂದಾಗಲೆಲ್ಲ ಯಾವ ಆರಂಭದ ಮಾತು ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕಾದುದು ಇದಕ್ಕಾಗಿ. ಸಂವೇದಕಗಳು, ಎಂದರೆ ಸೆನ್ಸರ್‌ಗಳು, ಒಂದೊಂದೂ ಈ ಸರಣಿಯ ಒಂದೊಂದು ಘಟ್ಟದಲ್ಲಿ ಕಾದು ಕುಳಿತಿರುತ್ತವೆ. ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಹೊಂದಿಸಲು ಹೋದರೆ ಲೆಕ್ಕ ತಪ್ಪುತ್ತದೆ.

ಪೈಪಿನ ಘಟ್ಟದಲ್ಲಿ ಕೂರುವುದು ಹಿಡಿಕೆಯ ಸಂವೇದಕ. ಅನುಭವಸ್ಥ ಮೆಕ್ಯಾನಿಕ್ ಓಡುತ್ತಿರುವ ಹಳೆಯ ಎಂಜಿನ್ನಿನ ಇಂಧನ ಪೈಪುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, ವೈದ್ಯರು ನಾಡಿ ನೋಡುವಂತೆ, ಯಾವುದರಲ್ಲಿ ಮಿಡಿತ ಕುಂದಿದೆ ಎಂದು ಹೇಳಬಲ್ಲ. ಆ ಬೆರಳಿನ ಕೆಲಸವನ್ನೇ ಈ ಸಂವೇದಕ ಕಾಲದ ನಿಖರತೆಯೊಡನೆ ಮಾಡುತ್ತದೆ. ಒತ್ತಡದ ಅಲೆ ಹಾದುಹೋಗುವಾಗ ಉಕ್ಕಿನ ಪೈಪು ಕಣ್ಣಿಗೆ ಕಾಣದಷ್ಟು ಉಬ್ಬಿ ಕುಗ್ಗುತ್ತದೆ. ಹೊರ ಅಗಲ 6 ಮಿಲಿಮೀಟರ್ ಇರುವ ಪೈಪು ಕೆಲವು ನೂರು ಬಾರ್ ಒತ್ತಡಕ್ಕೆ ಉಬ್ಬುವುದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಪೈಪನ್ನು ಬಳಸಿ ಕಚ್ಚಿಕೊಳ್ಳುವ ಹಿಡಿಕೆಯೊಳಗೆ ಪೀಜೋ ವಸ್ತುವಿನ ತುಣುಕು ಅಥವಾ ತೆಳು ಹಾಳೆ ಇರುತ್ತದೆ. ಅದುಮಿದರೆ ವಿದ್ಯುದಂಶವನ್ನು ಹೊರಗೆಡಹುವ ಕೆಲವು ಹರಳುಗಳ ಗುಣವನ್ನು 1880ರಲ್ಲಿ ಫ್ರಾನ್ಸಿನ ಪಿಯರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್ ಕ್ಯೂರಿ ಕಂಡುಹಿಡಿದರು. ಅದನ್ನೇ ಪೀಜೋ ವಿದ್ಯುತ್ ಎನ್ನುತ್ತಾರೆ. ಪೈಪಿನ ಉಬ್ಬು ಹರಳನ್ನು ಅದುಮುತ್ತದೆ, ಹರಳಿನಿಂದ ಹೊರಟ ಸಣ್ಣ ವಿದ್ಯುತ್ ಮಿಡಿತ ಒಂದು ದೀಪವನ್ನು ಮಿಂಚಿಸುತ್ತದೆ; ಆ ಮಿಂಚಿನ ಬೆಳಕನ್ನು ತಿರುಗುವ ಗಾಲಿಯ ಮೇಲೆ ಹಾಯಿಸಿದರೆ ಗೀರು ನಿಂತಲ್ಲೇ ನಿಂತಂತೆ ಕಾಣುತ್ತದೆ. ಯಾವ ಭಾಗವನ್ನೂ ಬಿಚ್ಚದೆ, ಓಡುತ್ತಿರುವ ಎಂಜಿನ್ನಿನ ಟೈಮಿಂಗನ್ನು ಕಣ್ಣಾರೆ ನೋಡಬಹುದಾದ ಅನುಕೂಲ ಇದರದು.

ಆದರೆ ಇದನ್ನು ಬಳಸುವವರು ಎಚ್ಚರವಾಗಿರಬೇಕು. ಹಿಡಿಕೆ ಕೂರುವ ಜಾಗದಲ್ಲಿ ಬಣ್ಣ, ತುಕ್ಕು, ಜಿಡ್ಡು ಇರಕೂಡದು. ಪೈಪಿನ ಬಾಗಿದ ಭಾಗ ಆಗದು, ನೇರವಾದ ಭಾಗವೇ ಬೇಕು. ಸೂಜಿ ಮುಚ್ಚಿಕೊಂಡಾಗ ಒತ್ತಡದ ಅಲೆ ಹಿಂದಕ್ಕೆ ತಿರುಗಿ, ಪಂಪಿಗೆ ಬಡಿದು, ಮತ್ತೆ ಬರುವುದುಂಟು. ಆ ಮರುಅಲೆಯನ್ನೇ ಹೊಸ ಮಿಡಿತವೆಂದು ತಿಳಿದ ದೀಪ ಎರಡು ಸಲ ಮಿಂಚಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹಿಡಿಕೆಯನ್ನು ಪಂಪಿನ ಬಳಿ ಹಾಕಿದಾಗ ಬರುವ ಅಂಕಿಗೂ ಇಂಜೆಕ್ಟರಿನ ಬಳಿ ಹಾಕಿದಾಗ ಬರುವ ಅಂಕಿಗೂ ಮೂರು ಡಿಗ್ರಿಯ ಅಂತರ ಬೀಳಬಹುದು, ವೇಗ ಇಮ್ಮಡಿಯಾದರೆ ಆ ಅಂತರವೂ ಇಮ್ಮಡಿಯಾಗುತ್ತದೆ. ಹಿಡಿಕೆಯ ಜಾಗವನ್ನು ಹೇಳದೆ ಕೊಟ್ಟ ಟೈಮಿಂಗಿನ ಅಂಕಿಗೆ ಬೆಲೆಯಿಲ್ಲ. ಈ ಪರೀಕ್ಷೆ ಹಳೆಯ ಬಗೆಯ ಪಂಪುಗಳಿಗೆ ಮಾತ್ರ ಸಲ್ಲುತ್ತದೆ ಎಂಬುದನ್ನೂ, ಓಡುತ್ತಿರುವ ಎಂಜಿನ್ನಿನಲ್ಲಿ ಸೋರುವ ಪೈಪಿನ ಬಳಿ ಕೈ ಒಯ್ಯಬಾರದೆಂಬುದನ್ನೂ ಇಲ್ಲಿ ಹೇಳಲೇಬೇಕು. ಅಷ್ಟು ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮವನ್ನು ಸೂಜಿಯಂತೆ ತೂರಿ ಒಳಸೇರುತ್ತದೆ, ಮೇಲೆ ಕಾಣುವುದು ಸಣ್ಣ ಚುಕ್ಕೆ ಮಾತ್ರವಾದರೂ ಒಳಗಿನ ಗಾಯ ಬೆರಳನ್ನೇ ಕಳೆಯಬಲ್ಲದು.

ಎಣ್ಣೆ ಚಿಮ್ಮಿದ ಕ್ಷಣವನ್ನು ಅದರ ಬಾಯಲ್ಲೇ ಕುಳಿತು ನೋಡುವುದು ಸೂಜಿ ಸಂವೇದಕ. ಈ ಸಾಧನಗಳಲ್ಲೆಲ್ಲ ಅತ್ಯಂತ ನೇರವಾಗಿ ಮಾತಾಡುವುದು ಇದೇ ಎನ್ನಬೇಕು. ಇಂಜೆಕ್ಟರಿನ ಸೂಜಿ ಏಳುವ ಎತ್ತರ ಮಿಲಿಮೀಟರಿನ ಕಾಲು ಭಾಗದಷ್ಟು. ಸೂಜಿಯ ಮೇಲಿನ ಒತ್ತುಕಡ್ಡಿಯನ್ನು ಉದ್ದಮಾಡಿ, ಅದರ ತುದಿ ಒಂದು ತಂತಿಯ ಸುರುಳಿಯ ನಡುವೆ ಬರುವಂತೆ ಇಂಜೆಕ್ಟರಿನ ಒಡಲಲ್ಲೇ ಕೂರಿಸಿರುತ್ತಾರೆ. ಸುರುಳಿಯಲ್ಲಿ ಏರಿಳಿತವಿಲ್ಲದ ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತಿರುವುದರಿಂದ ಅದರ ಸುತ್ತ ಕಾಂತಕ್ಷೇತ್ರ ನೆಲೆಸಿರುತ್ತದೆ. ಸೂಜಿ ಎದ್ದೊಡನೆ ಕಡ್ಡಿ ಒಳಸರಿದು ಆ ಕ್ಷೇತ್ರವನ್ನು ಕಲಕುತ್ತದೆ, ಕಲಕಿದ ಕ್ಷೇತ್ರ ಸುರುಳಿಯಲ್ಲಿ ಹೊಸ ವೋಲ್ಟೇಜನ್ನು ಹುಟ್ಟಿಸುತ್ತದೆ. ಇದು 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆಯೇ. ಹೀಗೆ ಹುಟ್ಟುವ ವೋಲ್ಟೇಜು ಸೂಜಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಹೇಳುವುದಿಲ್ಲ, ಎಷ್ಟು ವೇಗವಾಗಿ ಚಲಿಸುತ್ತಿದೆ ಎಂಬುದನ್ನು ಹೇಳುತ್ತದೆ. ಆದ್ದರಿಂದ ಅದರ ಗೆರೆಯನ್ನು ಆಸಿಲೋಸ್ಕೋಪಿನ ಪರದೆಯ ಮೇಲೆ ನೋಡಿದರೆ, ಸೂಜಿ ಏಳುವಾಗ ಒಂದು ಕಡೆಗೆ ಚೂಪಾದ ಮೊನೆ, ಮೇಲೆ ತಂಗಿರುವಾಗ ಬಹುಮಟ್ಟಿಗೆ ಸಮತಟ್ಟು, ಮುಚ್ಚಿಕೊಳ್ಳುವಾಗ ಎದುರು ಕಡೆಗೆ ಇನ್ನೊಂದು ಮೊನೆ, ಹೀಗೆ ಒಂದು ಇಂಜೆಕ್ಷನ್ನಿನ ಕಥೆ ಪೂರ್ತಿಯಾಗಿ ಬರೆದಿರುತ್ತದೆ. ಮೊದಲ ಮೊನೆ ಒಂದು ಗೊತ್ತಾದ ಮಟ್ಟವನ್ನು ದಾಟಿದ ಬಿಂದುವೇ ಇಂಜೆಕ್ಷನ್ನಿನ ಆರಂಭ. ಎಂಜಿನ್ ನಿಧಾನವಾಗಿ ತಿರುಗುವಾಗ ಸೂಜಿಯೂ ಮೆಲ್ಲಗೆ ಏಳುವುದರಿಂದ ಮೊನೆ ಮೊಂಡಾಗುತ್ತದೆ. ಆಗ ಆ ಬಿಂದುವನ್ನು ಗದ್ದಲದಿಂದ ಬೇರ್ಪಡಿಸಿ ಹಿಡಿಯುವುದಕ್ಕೆ ಜೊತೆಗಿನ ಎಲೆಕ್ಟ್ರಾನಿಕ್ ಮಂಡಲ ಚುರುಕಾಗಿರಬೇಕು.

ಪ್ರಯೋಗಶಾಲೆಯ ಈ ಉಪಕರಣ ಕಾರುಗಳಿಗೆ ಬಂದದ್ದು ಪಂಪುಗಳಿಗೆ ಎಲೆಕ್ಟ್ರಾನಿಕ್ ಹತೋಟಿ ಬಂದ ಕಾಲದಲ್ಲಿ. ಫೋಕ್ಸ್‌ವ್ಯಾಗನ್ ಕಂಪನಿಯ 1.9 ಲೀಟರಿನ ನಾಲ್ಕು ಸಿಲಿಂಡರಿನ ಟಿಡಿಐ ಎಂಜಿನ್ನುಗಳಲ್ಲಿ ಪಂಪಿನ ಟೈಮಿಂಗನ್ನು ಒಂದು ವಿದ್ಯುತ್ ವಾಲ್ವು ಸರಿಸುತ್ತಿತ್ತು. ಸರಿಸಿದ್ದು ಸರಿಹೋಯಿತೇ ಎಂದು ಕಂಪ್ಯೂಟರಿಗೆ ವರದಿ ಒಪ್ಪಿಸುತ್ತಿದ್ದುದು ಮೂರನೆಯ ಸಿಲಿಂಡರಿನ ಇಂಜೆಕ್ಟರಿನಲ್ಲಿದ್ದ ಸೂಜಿ ಸಂವೇದಕ. ಆಜ್ಞೆ, ವರದಿ, ತಿದ್ದುಪಡಿ ಎಂಬ ಈ ಸುತ್ತು ನಿಲ್ಲದೆ ನಡೆಯುತ್ತಿದ್ದುದರಿಂದ ಪಂಪು ಸವೆದರೂ ಎಂಜಿನ್ ಟೈಮಿಂಗನ್ನು ತಾನೇ ಸರಿದೂಗಿಸಿಕೊಳ್ಳುತ್ತಿತ್ತು. ಸಂವೇದಕದ ತಂತಿ ಕಡಿದರೆ ಕಂಪ್ಯೂಟರ್ ಎಣ್ಣೆಯ ಪ್ರಮಾಣವನ್ನು ತಗ್ಗಿಸಿ, ಮೊದಲೇ ಬರೆದಿಟ್ಟ ಲೆಕ್ಕದಂತೆ ಎಂಜಿನ್ನನ್ನು ಓಡಿಸುತ್ತಿತ್ತು. ನಾಲ್ಕು ಸಿಲಿಂಡರಿಗೆ ಒಂದೇ ಸಂವೇದಕ ಸಾಕೆಂದದ್ದು, ಒಂದು ಅಗುಳನ್ನು ಹಿಚುಕಿ ಅನ್ನ ಬೆಂದಿತೆಂದು ತಿಳಿಯುವ ನ್ಯಾಯದಿಂದ: ಒಂದೇ ಪಂಪು ಸಮ ಅಂತರದಲ್ಲಿ ನಾಲ್ಕಕ್ಕೂ ಎಣ್ಣೆ ಒತ್ತುವುದರಿಂದ ಒಂದರ ಟೈಮಿಂಗ್ ಗೊತ್ತಾದರೆ ಉಳಿದವುಗಳದೂ ಗೊತ್ತಾದಂತೆಯೇ. ಆದರೆ ಒಂದನೆಯ ಸಿಲಿಂಡರಿನ ಸ್ಪ್ರಿಂಗ್ ಸೋತು ಅಲ್ಲಿಯ ಸೂಜಿ ಮಾತ್ರ ಬೇಗ ಏಳತೊಡಗಿದರೆ ಮೂರನೆಯದರ ಸಂವೇದಕಕ್ಕೆ ಅದರ ಸುಳಿವು ಸಿಗದು.

ಇದಕ್ಕೂ ಮುಂದಿನ ಘಟ್ಟ ಬೆಂಕಿಯದು. ಚಳಿಯಲ್ಲಿ ಎಂಜಿನ್ನನ್ನು ಬಿಸಿಮಾಡಲು ಇರುವ ಗ್ಲೋ ಪ್ಲಗ್ಗಿನ ರಂಧ್ರದಲ್ಲಿ ಶಾಖಕ್ಕೆ ಕರಗದ ಕ್ವಾರ್ಟ್ಸ್ ಗಾಜಿನ ಕಡ್ಡಿಯನ್ನು ಕೂರಿಸಿ, ಅದರ ಮೂಲಕ ಬರುವ ಬೆಳಕನ್ನು ಗ್ರಹಿಸಿ, ಜ್ವಾಲೆ ಎದ್ದ ಕ್ಷಣವನ್ನು ಗುರುತಿಸುವ ಸಂವೇದಕಗಳು ಬಂದವು. ಗ್ಲೋ ಪ್ಲಗ್ಗಿನ ಕಡ್ಡಿಯೇ ಸಿಲಿಂಡರಿನ ಒತ್ತಡಕ್ಕೆ ಕೂದಲೆಳೆಯಷ್ಟು ಕೂಡ ಅಲ್ಲದ ಅಂತರ ಸರಿದು, ಹಿಂದಿರುವ ಒತ್ತಡಮಾಪಕವನ್ನು ಒತ್ತುವ ಏರ್ಪಾಡೂ ಬಂತು. ಇವು ಹೇಳುವುದು ದಹನದ ಆರಂಭವನ್ನು. ಎಣ್ಣೆ ಬೇಗ ಹೊತ್ತಿಕೊಳ್ಳುವ ಗುಣವನ್ನು ಸೂಚಿಸುವ ಸೀಟೇನ್ ಸಂಖ್ಯೆ ಕಡಿಮೆಯಿರುವ ಡೀಸೆಲ್ಲನ್ನು ತುಂಬಿದರೆ, ಸೂಜಿ ಎಂದಿನಂತೆ ಎದ್ದಿದ್ದರೂ ಇವು ಟೈಮಿಂಗ್ ತಡವಾಗಿದೆ ಎಂದೇ ಹೇಳುತ್ತವೆ. ಎಂಜಿನ್ನನ್ನು ಓಡಿಸುವ ಕಂಪ್ಯೂಟರಿಗೆ ಬೇಕಾದದ್ದು ಈ ಬೆಂಕಿಯ ವರದಿಯೇ, ಏಕೆಂದರೆ ಶಕ್ತಿಯೂ ಹೊಗೆಯೂ ಸದ್ದೂ ಹುಟ್ಟುವುದು ಅಲ್ಲಿ. ದುರಸ್ತಿಗೆ ಕುಳಿತ ಮೆಕ್ಯಾನಿಕ್‌ಗೆ ಬೇಕಾದದ್ದು ಸೂಜಿಯ ಅಥವಾ ಪೈಪಿನ ವರದಿ, ಏಕೆಂದರೆ ದೋಷ ಪಂಪಿನದೋ ಎಣ್ಣೆಯದೋ ಎಂದು ಅವನು ಬಿಡಿಸಿ ನೋಡಬೇಕು.

ಯಾವ ಸಂವೇದಕವಾದರೂ ಅಳತೆಯ ಇನ್ನೊಂದು ತುದಿ, ಎಂದರೆ ಮೇಲ್ತುದಿ, ಸರಿಯಾಗಿ ಗೊತ್ತಿರಬೇಕು. ಇಂದಿನ ಬಹಳಷ್ಟು ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಜೊತೆ ತಿರುಗುವ ಹಲ್ಲುಗಾಲಿಯಲ್ಲಿ 60 ಹಲ್ಲುಗಳಿಗೆ ಜಾಗವಿದ್ದು, ಎರಡನ್ನು ಬೇಕೆಂದೇ ಬಿಟ್ಟಿರುತ್ತಾರೆ. ಒಂದು ಹಲ್ಲಿಗೆ ಆರು ಡಿಗ್ರಿಯಂತೆ ಎಣಿಸುತ್ತ ಹೋಗುವ ಸಂವೇದಕಕ್ಕೆ ಆ ಖಾಲಿ ಜಾಗವೇ ಸುತ್ತಿನ ಮೊದಲು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಸುತ್ತಿಗೆ ಎರಡು ಸಲ ಮೇಲ್ತುದಿಗೆ ಬರುವುದರಿಂದ, ಇಂಜೆಕ್ಷನ್ ಯಾವ ಸಲಕ್ಕೆ ಎಂಬುದನ್ನು ಹೇಳಲು, ಆ ಎರಡು ಸುತ್ತಿಗೆ ಒಂದೇ ಸಲ ತಿರುಗುವ ಕ್ಯಾಮ್‌ಶಾಫ್ಟ್ ಎಂಬ ದಂಡದ ಬಳಿ ಮತ್ತೊಂದು ಸಂವೇದಕ ಬೇಕು.

ಕಾಮನ್ ರೈಲ್ ಬಂದ ಮೇಲೆ ಪ್ರಶ್ನೆಯ ರೂಪವೇ ಬದಲಾಯಿತು. ಜಪಾನಿನ ಡೆನ್ಸೊ ಕಂಪನಿಯ ಮೂಲಕ 1995ರಲ್ಲಿ ಲಾರಿಗಳಿಗೂ, ಫಿಯಟ್ ಮತ್ತು ಬಾಷ್ ಕಂಪನಿಗಳ ದುಡಿಮೆಯ ಫಲವಾಗಿ 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿಗೂ ಬಂದ ಈ ವ್ಯವಸ್ಥೆಯಲ್ಲಿ, ಎಲ್ಲ ಇಂಜೆಕ್ಟರುಗಳಿಗೂ ಸಮಾನವಾದ ಒಂದು ದಪ್ಪ ಕೊಳವೆಯಲ್ಲಿ ಎಣ್ಣೆ ಸದಾ ಒತ್ತಡದಲ್ಲಿ ಕಾದಿರುತ್ತದೆ. ವಿದ್ಯುತ್ ಆಜ್ಞೆ ಬಂದಾಗ ಇಂಜೆಕ್ಟರ್ ಬಾಯಿ ತೆರೆಯುತ್ತದೆ. ಆಜ್ಞೆ ಕೊಡುವುದು ಕಂಪ್ಯೂಟರೇ ಆದ್ದರಿಂದ ಟೈಮಿಂಗ್ ಅದಕ್ಕೆ ಗೊತ್ತಿದ್ದೇ ಇರಬೇಕಲ್ಲವೇ ಎಂದು ತೋರುವುದು ಸಹಜ. ಆದರೆ ಆಜ್ಞೆಗೂ ಸೂಜಿ ಏಳುವುದಕ್ಕೂ ನಡುವೆ ಮಿಲಿಸೆಕೆಂಡಿನ ಒಂದು ಪಾಲು ಕಳೆಯುತ್ತದೆ. ಇಂಜೆಕ್ಟರ್ ಸವೆದಂತೆ ಆ ಪಾಲೂ ಬದಲಾಗುತ್ತದೆ. ಮುಖ್ಯ ಇಂಜೆಕ್ಷನ್ನಿಗೆ ಮುಂಚೆ ಸದ್ದು ತಗ್ಗಿಸಲೆಂದು ಒಂದೆರಡು ಘನ ಮಿಲಿಮೀಟರಿನಷ್ಟು ಎಣ್ಣೆ ಬಿಡುವ ಕಿರು ಇಂಜೆಕ್ಷನ್ನಿನಲ್ಲಿ ಈ ವ್ಯತ್ಯಾಸ ದೊಡ್ಡದಾಗುತ್ತದೆ. ಅದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಒಂದು ಬಹಳ ಜಾಣತನದ್ದು: ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದು ಗಾಡಿ ತನ್ನ ಓಟದಲ್ಲೇ ಸಾಗುತ್ತಿರುವಾಗ, ಕಂಪ್ಯೂಟರ್ ಒಂದೇ ಸಿಲಿಂಡರಿಗೆ ಅತಿ ಚಿಕ್ಕ ಆಜ್ಞೆಗಳನ್ನು ಕೊಡುತ್ತ, ಕ್ರ್ಯಾಂಕಿನ ವೇಗ ಎಳ್ಳಷ್ಟು ಜಿಗಿದ ಆಜ್ಞೆ ಯಾವುದೆಂದು ನೋಡಿ, ಆ ಇಂಜೆಕ್ಟರ್ ನಿಜವಾಗಿ ಬಾಯಿ ತೆರೆಯುವ ಮಿತಿಯನ್ನು ಕಲಿತುಕೊಳ್ಳುತ್ತದೆ. ಡೆನ್ಸೊ ಕಂಪನಿ ಇನ್ನೊಂದು ದಾರಿ ಹಿಡಿದು, ಪ್ರತಿಯೊಂದು ಇಂಜೆಕ್ಟರಿನ ತಲೆಯಲ್ಲೂ ಒತ್ತಡದ ಸಂವೇದಕವನ್ನು ಕೂರಿಸಿತು. ಬಾಯಿ ತೆರೆದೊಡನೆ ಒಳಗಿನ ಒತ್ತಡ ಕುಸಿಯುವುದನ್ನು ಹಿಡಿದು ಅದು ನಿಜವಾದ ಆರಂಭವನ್ನು ಹೇಳುತ್ತದೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ವಾಹನಗಳು ಇಂತಹ ನಿಖರತೆಯಿಲ್ಲದೆ ಹೊಗೆಯ ಮಿತಿಯನ್ನು ಮುಟ್ಟಲಾರವು.

ಹಾಗೆಂದು ಹಳೆಯ ಪಂಪಿನ ಎಂಜಿನ್ನಿಗೆ ಸಂವೇದಕದಿಂದ ಪ್ರಯೋಜನವಿಲ್ಲವೆಂದಲ್ಲ. ಹೊಂಗೆಯ ಎಣ್ಣೆಯಿಂದ ಮಾಡಿದ ಜೈವಿಕ ಡೀಸೆಲ್ಲಿನ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ, ಹಾಸನದ ಬಳಿಯ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿಯೂ, ರಾಜ್ಯದ ಹಲವು ಕಾಲೇಜುಗಳಲ್ಲಿಯೂ ಕೆಲಸ ನಡೆದಿದೆ. ಬದುವಿನ ಮೇಲೆ, ರಸ್ತೆಯ ಬದಿಯಲ್ಲಿ ತಾನಾಗಿ ಬೆಳೆಯುವ ಮರದ ಬೀಜ ಪಂಪ್‌ಸೆಟ್ ಓಡಿಸಬಲ್ಲದೆಂಬುದು ರೈತನಿಗೆ ಸಣ್ಣ ಸಂಗತಿಯಲ್ಲ. ಅದಕ್ಕಾಗಿಯೇ ಅದರ ಟೈಮಿಂಗನ್ನು ಸರಿಯಾಗಿ ತಿಳಿಯುವುದು ಅಗತ್ಯ. ಜೈವಿಕ ಡೀಸೆಲ್ ಸಾಮಾನ್ಯ ಡೀಸೆಲ್ಲಿಗಿಂತ ಅದುಮಲು ಗಟ್ಟಿ, ಸ್ವಲ್ಪ ಮಂದ. ಅದರಲ್ಲಿ ಒತ್ತಡದ ಅಲೆ ಹೆಚ್ಚು ವೇಗವಾಗಿ ಸಾಗುತ್ತದೆ, ಪಂಪಿನ ಸಂದಿಗಳಲ್ಲಿ ಸೋರುವುದೂ ಕಡಿಮೆಯಾದ್ದರಿಂದ ಒತ್ತಡ ಬೇಗ ಏರುತ್ತದೆ. ಆ 5.2 ಕಿಲೋವಾಟಿನ ಎಂಜಿನ್ನಿಗೇ ಅದನ್ನು ತುಂಬಿ ಹಂಸದ ಕೊರಳಿನ ಕೊಳವೆಯಿಂದ ಪರೀಕ್ಷಿಸಿದರೆ, ಪಂಪಿನ ಕಿಂಡಿ ಮುಚ್ಚುವ ಜಾಗ ಬದಲಾಗದ ಕಾರಣ, ಹನಿ ಮೊದಲಿನಂತೆಯೇ 23 ಡಿಗ್ರಿಯಲ್ಲಿ ನಿಲ್ಲುತ್ತದೆ. ಸೂಜಿ ಸಂವೇದಕವಿದ್ದರೆ ಮಾತ್ರ, ಪರದೆಯ ಮೇಲಿನ ಮೊದಲ ಮೊನೆ ಒಂದು ಡಿಗ್ರಿಯ ಆಸುಪಾಸು ಮುಂಚೆಯೇ ಬಂದಿರುವುದು ಕಾಣುತ್ತದೆ. ಇಂತಹ ಎಂಜಿನ್ನುಗಳಲ್ಲಿ ಜೈವಿಕ ಡೀಸೆಲ್ಲಿನಿಂದ ನೈಟ್ರೋಜನ್ ಆಕ್ಸೈಡು ಹೆಚ್ಚುವುದಕ್ಕೆ ಇದೂ ಒಂದು ಕಾರಣ. ಆಗ ಪಂಪಿನ ಬುಡಕ್ಕೆ ತಕ್ಕ ದಪ್ಪದ ಶಿಮ್ಮೊಂದನ್ನು ಹೆಚ್ಚಿಗೆ ಸೇರಿಸಿದರೆ ಪರದೆಯ ಮೊನೆ ತನ್ನ ಹಳೆಯ ಜಾಗಕ್ಕೆ ಮರಳುತ್ತದೆ, ಮತ್ತು ಫ್ಲೈವೀಲಿನ ಗೀರು ಗುರುತಿಗೆ ಕೂಡದೆ ಸ್ವಲ್ಪ ಆಚೆ ನಿಲ್ಲುತ್ತದೆ.